ಚಾವಿ ಯಾರ ಕೈಯಲ್ಲಿರಬೇಕು?

ದೇವರ ಹತ್ತು ಆಜ್ಞೆಗಳಲ್ಲಿ ನಾಲ್ಕನೆಯದೂ ಐದನೆಯದೂ ಅಕ್ಕಪಕ್ಕದಲ್ಲೇ ಇವೆ. ತಂದೆತಾಯಿಯನ್ನು ಗೌರವಿಸಬೇಕೆಂಬುದು ನಾಲ್ಕನೆಯದು. ಕೊಲ್ಲಬಾರದೆಂಬುದು ಐದನೆಯದು. ಧರ್ಮೋಪದೇಶದ ತರಗತಿಯಲ್ಲಿ ಇವನ್ನು ಬಾಯಿಪಾಠ ಮಾಡುವ ಮಗುವಿಗೆ ಇವೆರಡರ ನಡುವೆ ಎಂದಾದರೂ ಜಗಳ ಬಂದೀತು ಎಂದು ಅನ್ನಿಸುವುದಿಲ್ಲ. ಆದರೆ ಮನೆಯ ಹಿರಿಯರಿಗೆ ಮರೆವು ಹತ್ತಿ, ಗಾಡಿಯ ಚಾವಿ ಮಾತ್ರ ಇನ್ನೂ ಅವರ ಅಂಗಿಯ ಕಿಸೆಯಲ್ಲೇ ಇರುವಾಗ, ಈ ಎರಡು ಆಜ್ಞೆಗಳು ಒಂದಕ್ಕೊಂದು ಎದುರು ನಿಂತಂತೆ ತೋರುತ್ತವೆ. ಅಪ್ಪನ ಕೈಯಿಂದ ಚಾವಿ ತೆಗೆದುಕೊಂಡರೆ ಅವರ ಮಾನಕ್ಕೆ ಕುಂದು. ತೆಗೆದುಕೊಳ್ಳದಿದ್ದರೆ ಯಾರದೋ ಜೀವಕ್ಕೆ ಕುತ್ತು. ಇಂಥ ಮನೆಯಲ್ಲಿ ಮಗ ಅಥವಾ ಮಗಳು ಏನು ಮಾಡಬೇಕು?

ಸುರಪುರದ ಸುತ್ತಮುತ್ತ ಒಂದು ಹಳ್ಳಿಯಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದಾರೆ ಎಂದಿಟ್ಟುಕೊಳ್ಳೋಣ. ವಯಸ್ಸು 72. ನಲವತ್ತು ವರ್ಷಗಳಿಂದ ಮೋಟರ್ ಸೈಕಲ್ ಹೊಡೆದವರು. ಭಾನುವಾರ ಬಲಿಪೂಜೆಗೆ, ಉಳಿದ ದಿನ ಕಾಲುವೆಯಾಚೆಯ ಹೊಲಕ್ಕೆ, ಸಂತೆಯ ದಿನ ಪೇಟೆಗೆ ಅವರಿಗೆ ಗಾಡಿಯೇ ಕಾಲು. ಈಚೆಗೆ ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳುತ್ತಾರೆ. ಸೊಸೆ ಬೆಳಿಗ್ಗೆ ಹೇಳಿದ ಮಾತು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಒಮ್ಮೆ ರಂಗಂಪೇಟೆಯ ತಿರುವಿನಲ್ಲಿ ಎತ್ತ ಹೋಗಬೇಕೆಂದು ತೋಚದೆ ಗಾಡಿ ನಿಲ್ಲಿಸಿಕೊಂಡು ನಿಂತಿದ್ದರಂತೆ. ಗಾಡಿಯ ಪಕ್ಕದಲ್ಲಿ ಹೊಸ ತರಚಿದ ಗುರುತು ಕಂಡಿದೆ. ಹೇಗಾಯಿತೆಂದು ಕೇಳಿದರೆ ಅವರಿಗೆ ಸಿಟ್ಟು ಬರುತ್ತದೆ. ಮನೆಯವರು ‘ಅರವತ್ತಕ್ಕೆ ಅರಳು ಮರಳು’ ಎಂದು ನಕ್ಕು ಸುಮ್ಮನಾಗುತ್ತಾರೆ.

ಹೀಗೆ ನಕ್ಕು ಸುಮ್ಮನಾಗುವಲ್ಲಿಯೇ ಮೊದಲ ತಪ್ಪಿದೆ. ವಯಸ್ಸಾಗುವುದು ಬೇರೆ, ರೋಗ ಬೇರೆ. ವಯಸ್ಸಾದವರಿಗೆ ಹೆಸರು ತಟ್ಟನೆ ನಾಲಿಗೆಗೆ ಬಾರದೆ, ಸ್ವಲ್ಪ ಹೊತ್ತಿನ ಮೇಲೆ ಬರುತ್ತದೆ. ಚಷ್ಮಾ ಎಲ್ಲಿಟ್ಟೆನೆಂದು ಹುಡುಕುತ್ತಾರೆ, ಕೊನೆಗೆ ಸಿಗುತ್ತದೆ. ಇದು ಸಹಜ. ಆದರೆ ಆಡಿದ ಮಾತನ್ನೇ ಆಡಿಲ್ಲವೆನ್ನುವುದು, ದಿನವೂ ನಡೆದ ದಾರಿ ತಪ್ಪುವುದು, ಹಣದ ಲೆಕ್ಕ ಕೈಗೆ ಹತ್ತದಿರುವುದು, ಚಹಾ ಮಾಡುವಂಥ ರೂಢಿಯ ಕೆಲಸದಲ್ಲೂ ಮುಂದೇನೆಂದು ತಿಳಿಯದೆ ನಿಲ್ಲುವುದು ಸಹಜವಲ್ಲ. ಡಿಮೆನ್ಷಿಯಾ ಎಂದು ವೈದ್ಯರು ಕರೆಯುವ ಮರೆವಿನ ಕಾಯಿಲೆಯ ಮೊದಲ ಮೆಟ್ಟಿಲುಗಳು ಹೀಗೇ ಇರುತ್ತವೆ. ಇದರಲ್ಲಿ ಹಲವು ಬಗೆಗಳಿವೆ. ಹೆಚ್ಚು ಜನರಿಗೆ ಬರುವುದು ಅಲ್ಜೈಮರ್ ಕಾಯಿಲೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಂದ ಮೆದುಳಿನ ಸಣ್ಣ ರಕ್ತನಾಳಗಳು ಕೆಟ್ಟು ಬರುವ ಮರೆವು ಇನ್ನೊಂದು ಬಗೆ. ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ನೂರಕ್ಕೆ ಸುಮಾರು 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಈ ಕಾಯಿಲೆ ಇರಬಹುದೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿದೆ. ಪೇಟೆಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಇದರ ಪ್ರಮಾಣ ಹೆಚ್ಚೆಂದೂ ಅದರಲ್ಲಿ ಕಂಡುಬಂದಿದೆ. ಆದ್ದರಿಂದ ಇದು ದೊಡ್ಡ ಊರಿನವರ ಕಾಯಿಲೆಯೆಂದು ನಾವು ತಿಳಿಯಬೇಕಿಲ್ಲ.

ಇನ್ನು ಗಾಡಿಯ ಮಾತು. ಮರೆವಿನ ಕಾಯಿಲೆ ಮೊದಲು ಕಸಿಯುವುದು ಇತ್ತೀಚಿನ ನೆನಪನ್ನು. ಬಹಳ ಕಾಲದ ರೂಢಿಯಿಂದ ಕೈಕಾಲಿಗೆ ಅಂಟಿದ ವಿದ್ಯೆ ಹಾಗೆ ಬೇಗ ಹೋಗುವುದಿಲ್ಲ. ನಿನ್ನೆ ಊಟಕ್ಕೆ ಏನಿತ್ತೆಂದು ಮರೆತವರೂ ಕ್ಲಚ್ಚು ಹಿಡಿದು ಗೇರು ಬದಲಿಸುವುದನ್ನು ಮರೆತಿರುವುದಿಲ್ಲ. ಮನೆಯವರು ಮೋಸಹೋಗುವುದು ಇಲ್ಲಿಯೇ. ಅಂಗಳದಿಂದ ಗಾಡಿ ನೆಟ್ಟಗೆ ಹೊರಟಿತೆಂದರೆ ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತಾರೆ. ಆದರೆ ರಸ್ತೆಗೆ ಬೇಕಾದದ್ದು ಗೇರು ಬದಲಿಸುವ ವಿದ್ಯೆಯೊಂದೇ ಅಲ್ಲ. ಎದುರಿನ ಲಾರಿ ಎಷ್ಟು ವೇಗದಲ್ಲಿದೆ, ನಾನು ದಾಟುವಷ್ಟರಲ್ಲಿ ಅದು ಎಲ್ಲಿಗೆ ಬಂದೀತು, ಎಡಗಡೆಯ ಮಗು ಓಡಿಬಂದೀತೋ ನಿಂತೀತೋ ಎಂಬ ಮೂರು ನಾಲ್ಕು ಲೆಕ್ಕಗಳನ್ನು ಒಂದೇ ಕ್ಷಣದಲ್ಲಿ ಮಾಡಬೇಕು. ಒಂದರ ಮೇಲಿನ ಗಮನವನ್ನು ತಟ್ಟನೆ ಇನ್ನೊಂದಕ್ಕೆ ತಿರುಗಿಸಬೇಕು. ವಯಸ್ಸಾದಂತೆ ಎಲ್ಲರಲ್ಲೂ ಈ ಚುರುಕು ಸ್ವಲ್ಪ ತಗ್ಗುತ್ತದೆ. ರಾತ್ರಿ ಎದುರಿನ ದೀಪ ಕಣ್ಣಿಗೆ ಹೊಡೆದರೆ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುತ್ತದೆ. ಮರೆವಿನ ಕಾಯಿಲೆಯಲ್ಲಿ ಇದು ಬಹಳ ಬೇಗ ಕುಸಿಯುತ್ತದೆ.

ನಮ್ಮ ರಸ್ತೆಗಳಾದರೂ ಎಂಥವು? ಸುರಪುರವೇ ಗುಡ್ಡಗಳ ನಡುವಿನ ಊರು. ಏರು, ಇಳಿಜಾರು, ತಿರುವು ತಪ್ಪಿದ್ದಲ್ಲ. ಶಹಾಪುರದಿಂದ ಸುರಪುರ ದಾಟಿ ತಿಂಥಣಿಯಲ್ಲಿ ಕೃಷ್ಣೆಯನ್ನು ಹಾಯ್ದು ಲಿಂಗಸುಗೂರಿಗೆ ಹೋಗುವ ಹೆದ್ದಾರಿಯಲ್ಲಿ ಹಗಲಿರುಳೂ ಲಾರಿಗಳ ಓಡಾಟ. ಹತ್ತಿಯ ಸುಗ್ಗಿಯಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು, ಸಂಜೆ ಹಟ್ಟಿಗೆ ಮರಳುವ ಕುರಿಹಿಂಡು, ಶಾಲೆ ಬಿಟ್ಟ ಮಕ್ಕಳು. ನಾರಾಯಣಪುರ ಎಡದಂಡೆ ಕಾಲುವೆಯ ಬದಿಯ ದಾರಿಯಲ್ಲಿ ಒಂದು ಗಳಿಗೆ ಗಮನ ತಪ್ಪಿದರೆ ಒಂದು ಕಡೆ ನೀರು. ಎರಡು ಗಾಲಿಯ ಗಾಡಿಯಾದರೆ ತೂಕ ಹಿಡಿಯುವ ಕೆಲಸವೂ ಮೆದುಳಿನದೇ.

ಹಾಗಾದರೆ ಇಂದೇ ಚಾವಿ ಕಸಿದುಬಿಡಬೇಕೇ? ಇಲ್ಲ. ಮಕ್ಕಳ ಮೊದಲ ಕರ್ತವ್ಯ ಚಾವಿ ಕಸಿಯುವುದಲ್ಲ, ವೈದ್ಯರ ಬಳಿ ಕರೆದೊಯ್ಯುವುದು. ಮರೆವೆಲ್ಲ ಗುಣವಾಗದ ಮರೆವಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಮನಸ್ಸಿನ ಖಿನ್ನತೆ, ನಿದ್ದೆ ಮಾತ್ರೆಯಂಥ ಕೆಲವು ಔಷಧಗಳು ಮರೆವಿನ ಕಾಯಿಲೆಯಂತೆಯೇ ಕಾಣಿಸಿಕೊಳ್ಳುತ್ತವೆ, ಚಿಕಿತ್ಸೆಗೆ ಬಗ್ಗುತ್ತವೆ. ಕಣ್ಣಿನ ಪೊರೆ ತೆಗೆಸಿ, ಕಿವಿಗೆ ಯಂತ್ರ ಹಾಕಿಸಿದ ಮೇಲೆ ಎಷ್ಟೋ ಹಿರಿಯರು ಮತ್ತೆ ಗೆಲುವಾಗಿದ್ದಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿದರೆ ಮುಂದಿನ ದಾರಿ ತೋರಿಸುತ್ತಾರೆ. ಮರೆವಿನ ಕಾಯಿಲೆಯಂಥ ಮೆದುಳಿನ ತೊಂದರೆಗಳನ್ನು ಬೇಗ ಗುರುತಿಸುವುದಕ್ಕಾಗಿ 2022ರಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಜೊತೆ ಸೇರಿ ಮೆದುಳಿನ ಆರೋಗ್ಯದ ಯೋಜನೆಯೊಂದನ್ನು ಆರಂಭಿಸಿತು. ಹಿರಿಯರ ಸಹಾಯವಾಣಿ 14567ಕ್ಕೂ ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೂ ಮನೆಯಿಂದಲೇ ಫೋನ್ ಮಾಡಬಹುದು. ಕಾಯಿಲೆ ಖಚಿತವಾದರೂ ಆರಂಭದ ಹಂತದಲ್ಲಿ ಕೆಲವರು ಸ್ವಲ್ಪ ಕಾಲ ಹಗಲಿನಲ್ಲಿ, ಗೊತ್ತಿರುವ ಹತ್ತಿರದ ದಾರಿಯಲ್ಲಿ, ಹಿಂದೆ ಯಾರನ್ನೂ ಕೂರಿಸಿಕೊಳ್ಳದೆ ಗಾಡಿ ಹೊಡೆಯಬಲ್ಲರು. ಆದರೆ ಆರು ತಿಂಗಳಿಗೊಮ್ಮೆಯಾದರೂ ಮತ್ತೆ ಪರೀಕ್ಷಿಸಬೇಕು. ಈ ಕಾಯಿಲೆ ಇದ್ದಲ್ಲಿಯೇ ನಿಲ್ಲುವಂಥದ್ದಲ್ಲ.

ವೈದ್ಯರೋ ಮನೆಯವರೋ ‘ಇನ್ನು ಸಾಕು’ ಎಂದು ಹೇಳಬೇಕಾದ ದಿನ ಬಂದೇ ಬರುತ್ತದೆ. ಆಗ ನಮ್ಮ ಮನಸ್ಸು ನೆವಗಳನ್ನು ಹುಡುಕುತ್ತದೆ. ಅವುಗಳಲ್ಲಿ ಮೂರನ್ನು ನೋಡೋಣ.

‘ಅವರಿಗೇ ತಿಳಿಯುತ್ತದೆ, ಆಗದಿದ್ದರೆ ಅವರೇ ಬಿಡುತ್ತಾರೆ’ ಎಂಬುದು ಮೊದಲನೆಯದು. ಈ ಕಾಯಿಲೆಯ ಕ್ರೂರತನವೇ ಇಲ್ಲಿದೆ. ತನಗೆ ಮರೆವಿದೆ ಎಂಬ ಅರಿವನ್ನೂ ಅದು ಅಳಿಸುತ್ತ ಬರುತ್ತದೆ. ‘ನನಗೇನಾಗಿದೆ?’ ಎಂದು ಅಪ್ಪ ಗದರಿದರೆ ಅದು ಹಟವಲ್ಲ, ಸುಳ್ಳೂ ಅಲ್ಲ. ಅವರಿಗೆ ನಿಜಕ್ಕೂ ಹಾಗೆಯೇ ಕಾಣುತ್ತದೆ. ಅಮೆರಿಕದ ನರರೋಗ ವೈದ್ಯರ ಸಂಘ 2010ರಲ್ಲಿ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ ಇದನ್ನೇ ಹೇಳಿತು. ‘ನಾನು ಸರಿಯಾಗಿಯೇ ಓಡಿಸುತ್ತೇನೆ’ ಎಂಬ ರೋಗಿಯ ಮಾತನ್ನು ನೆಚ್ಚುವಂತಿಲ್ಲ, ‘ಅವರು ಓಡಿಸುವುದು ಅಪಾಯ’ ಎಂಬ ಮನೆಯವರ ಮಾತಿಗೆ ಬೆಲೆ ಕೊಡಬೇಕು ಎಂದಿತು. ಆದ್ದರಿಂದ ನೋಡಿದವರೇ ಹೇಳಬೇಕು. ಬೇರೆ ಯಾರೂ ಹೇಳಲಾರರು.

‘ಸರ್ಕಾರವೇ ಲೈಸೆನ್ಸ್ ಕೊಟ್ಟಿದೆ, ನಾವ್ಯಾರು ತಡೆಯಲು?’ ಎಂಬುದು ಎರಡನೆಯದು. ನಮ್ಮ ಕಾನೂನಿನಲ್ಲಿ ಗಾಡಿ ಓಡಿಸಲು ಗರಿಷ್ಠ ವಯಸ್ಸೆಂಬುದಿಲ್ಲ. 2019ರ ತಿದ್ದುಪಡಿಯ ಬಳಿಕ 55 ದಾಟಿದವರ ಲೈಸೆನ್ಸನ್ನು ಐದೈದು ವರ್ಷಕ್ಕೆ ಹೊಸದು ಮಾಡಿಸಬೇಕು. 40 ದಾಟಿದವರು ವೈದ್ಯರ ಪ್ರಮಾಣಪತ್ರವನ್ನೂ ಕೊಡಬೇಕು. ಆದರೆ ಐದು ವರ್ಷದಲ್ಲಿ ಮರೆವಿನ ಕಾಯಿಲೆ ಎಲ್ಲಿಂದ ಎಲ್ಲಿಗೋ ಮುಟ್ಟಿರುತ್ತದೆ. ತನ್ನ ಓಡಿಸುವಿಕೆಯಿಂದ ಜನರಿಗೆ ಅಪಾಯವಾಗುವಂಥ ಕಾಯಿಲೆ ತನಗಿದೆಯೆಂದು ತಿಳಿದೂ ಗಾಡಿ ಓಡಿಸುವುದು 1988ರ ಮೋಟಾರು ವಾಹನ ಕಾಯಿದೆಯ 186ನೆಯ ಕಲಮಿನ ಪ್ರಕಾರ ಅಪರಾಧ. ಆದರೆ ಅದು ‘ತಿಳಿದೂ’ ಎನ್ನುತ್ತದೆ. ಮರೆತವರಿಗೆ ತಿಳಿದಿರುವುದಿಲ್ಲ, ತಿಳಿದಿರುವವರು ನಾವು. ಕಾನೂನು ಮುಟ್ಟದ ಆ ಜಾಗದಲ್ಲಿ ನಮ್ಮ ಆತ್ಮಸಾಕ್ಷಿ ಉತ್ತರ ಕೊಡಬೇಕು.

‘ನಲವತ್ತು ವರ್ಷದಲ್ಲಿ ಅವರು ಒಂದು ಕೋಳಿಗೂ ಡಿಕ್ಕಿ ಹೊಡೆದಿಲ್ಲ’ ಎಂಬುದು ಮೂರನೆಯದು. ಇದಕ್ಕೊಂದು ಸರಳ ಪರೀಕ್ಷೆಯಿದೆ. ನಿಮ್ಮ ಮಗುವನ್ನು ಇಂದು ಅವರ ಹಿಂದೆ ಕೂರಿಸಿ ಹೆದ್ದಾರಿಗೆ ಕಳಿಸುತ್ತೀರಾ? ‘ಬೇಡ’ ಎಂದು ಮನಸ್ಸು ಹೇಳಿದರೆ ನಮಗೆ ಉತ್ತರ ಗೊತ್ತಿದೆ ಎಂದೇ ಅರ್ಥ. ನಮ್ಮ ಮಗುವನ್ನು ಆ ಗಾಡಿಯ ಮೇಲೆ ಕೂರಿಸಲು ಅಂಜುವ ನಾವು, ಇನ್ನೊಬ್ಬರ ಮಗು ಆ ಗಾಡಿಯ ಎದುರು ರಸ್ತೆ ದಾಟುವುದಕ್ಕೆ ಒಪ್ಪಿದರೆ, ಅದು ಅಪ್ಪನ ಮೇಲಿನ ಗೌರವವಲ್ಲ. ಅವರ ಸಿಟ್ಟಿಗೆ ಹೆದರಿ, ಆ ಹೆದರಿಕೆಯ ಬೆಲೆಯನ್ನು ಬೇರೆಯವರಿಂದ ಕೊಡಿಸುವುದು.

ಇಷ್ಟು ದೂರ ಬಂದ ಮೇಲೆ ನಾಲ್ಕನೆಯ ಆಜ್ಞೆಗೂ ಐದನೆಯದಕ್ಕೂ ಜಗಳವಿಲ್ಲವೆಂಬುದು ಕಾಣುತ್ತದೆ. ಜೀವನವಿಡೀ ಯಾರಿಗೂ ಕೇಡು ಬಗೆಯದ ಮನುಷ್ಯ, ತನ್ನ ಕಡೆಗಾಲದಲ್ಲಿ ತನಗೇ ಅರಿವಿಲ್ಲದೆ ಒಂದು ಮಗುವಿನ ಸಾವಿಗೆ ಕಾರಣನಾಗದಂತೆ ತಡೆಯುವುದು ಆತನಿಗೆ ಸಲ್ಲಿಸುವ ಗೌರವವೇ. ಸಿರಾಖನ ಗ್ರಂಥದ ಮೂರನೆಯ ಅಧ್ಯಾಯ, ತಂದೆಯ ಬುದ್ಧಿ ಕುಗ್ಗಿದ ಕಾಲದಲ್ಲಿ ಮಗ ಹೇಗಿರಬೇಕೆಂದು ವಿಶೇಷವಾಗಿ ನೆನಪಿಸುತ್ತದೆ. ಅಲ್ಲಿ ಕೇಳಿರುವುದು ತಾಳ್ಮೆಯನ್ನು. ಬಲವಿರುವವನು ತನ್ನ ಬಲದ ಸೊಕ್ಕಿನಿಂದ ಬಲವಿಲ್ಲದವನನ್ನು ಹಗುರಾಗಿ ಕಾಣಬಾರದೆಂಬ ಎಚ್ಚರವನ್ನು. ಚಾವಿ ತೆಗೆದುಕೊಳ್ಳಬೇಕೇ ಬೇಡವೇ ಎಂಬುದು ತೀರ್ಮಾನವಾದ ಮೇಲೆ ಹೇಗೆ ತೆಗೆದುಕೊಳ್ಳಬೇಕು ಎಂಬುದೇ ನಿಜವಾದ ಪ್ರಶ್ನೆ.

ಬಹಳ ಮನೆಗಳಲ್ಲಿ ಹಿಡಿಯುವ ದಾರಿ ಸುಳ್ಳಿನದು. ಚಾವಿ ಬಚ್ಚಿಟ್ಟು ‘ಕಳೆದುಹೋಗಿದೆ’ ಎನ್ನುತ್ತಾರೆ. ಪ್ಲಗ್ಗು ಬಿಚ್ಚಿ ‘ಗಾಡಿ ಕೆಟ್ಟಿದೆ’ ಎನ್ನುತ್ತಾರೆ. ಮನ ನೋಯಿಸಬಾರದೆಂಬ ಒಳ್ಳೆಯ ಉದ್ದೇಶವೇ ಇದರ ಹಿಂದಿರಬಹುದು. ಆದರೆ ಕಾಯಿಲೆಯ ಮೊದಲ ಹಂತದಲ್ಲಿರುವವರು ಇನ್ನೂ ಮಾತು ತಿಳಿಯಬಲ್ಲರು, ನೊಂದುಕೊಳ್ಳಬಲ್ಲರು, ಒಪ್ಪಲೂ ಬಲ್ಲರು. ಅವರಿಗೆ ಸುಳ್ಳು ಹೇಳುವುದೆಂದರೆ ಇನ್ನೂ ಉಳಿದಿರುವ ತಿಳಿವಳಿಕೆಯನ್ನೂ ಇಲ್ಲವೆಂದು ಎಣಿಸಿದಂತೆ. ಮೆಕ್ಯಾನಿಕ್ ಬಂದು ಗಾಡಿ ಸರಿಯಿದೆ ಎಂದ ದಿನ, ಮನೆಯವರ ಮೇಲೆ ಅವರಿಗಿದ್ದ ನಂಬಿಕೆಯೂ ಹೋಗುತ್ತದೆ. ಈ ಕಾಯಿಲೆಯಲ್ಲಿ ಮೊದಲೇ ಸಂಶಯ ಹೆಚ್ಚು. ಆ ಸಂಶಯಕ್ಕೆ ನಾವೇ ಸಾಕ್ಷಿ ಒದಗಿಸಬಾರದು. ಕೈ ಹಿಡಿದು, ಎಲ್ಲರ ಎದುರಿಗಲ್ಲದೆ ಒಬ್ಬರೇ ಇದ್ದಾಗ, ‘ಯಪ್ಪಾ, ಇನ್ನಮ್ಯಾಲೆ ಗಾಡಿ ನಾ ಹೊಡೀತೀನಿ. ನೀ ನನ್ನ ಹಿಂದ ಕೂಡು. ಎಲ್ಲಿಗಂತಿ ಅಲ್ಲಿಗೆ ಕರಕೊಂಡು ಹೋಗ್ತೀನಿ’ ಎಂದು ಹೇಳುವುದು ಕಷ್ಟ. ಆದರೂ ಹೇಳಬೇಕಾದದ್ದು ಅದೇ. ಮಗನ ಬಾಯಿಂದ ಬಂದರೆ ಸಿಟ್ಟಾಗುವವರು ವೈದ್ಯರಿಂದಲೋ, ಧರ್ಮಕೇಂದ್ರದ ಗುರುಗಳಿಂದಲೋ, ವಾರಿಗೆಯ ಗೆಳೆಯರಿಂದಲೋ ಕೇಳಿದರೆ ಒಪ್ಪುವುದುಂಟು. ಕಾಯಿಲೆ ಮುಂದುವರಿದು, ಹೇಳಿದ್ದು ಗಳಿಗೆಯಲ್ಲಿ ಮರೆತುಹೋಗಿ, ಪ್ರತಿ ಸಲವೂ ಹೊಸ ಗಾಯವಾಗುವ ಕಾಲ ಬಂದಾಗ ಮಾತ್ರ ಮತ್ತೆ ಮತ್ತೆ ವಾದ ಮಾಡಬೇಕಿಲ್ಲ. ಗಾಡಿಯನ್ನು ಕಣ್ಣಿಗೆ ಬೀಳದ ಕಡೆ ಇಟ್ಟು, ಮಾತನ್ನು ಬೇರೆಡೆ ತಿರುಗಿಸಿದರೆ ಸಾಕು. ಅದು ಸುಳ್ಳಲ್ಲ, ಕರುಣೆ.

ಇನ್ನೊಬ್ಬರ ಪರವಾಗಿ ಅಧಿಕಾರ ಹಿಡಿಯುವುದೆಂದರೇನು ಎಂಬುದಕ್ಕೆ ಸುರಪುರದ ಚರಿತ್ರೆಯಲ್ಲೇ ಒಂದು ಉದಾಹರಣೆಯಿದೆ. 1841ರಲ್ಲಿ ಇಲ್ಲಿಗೆ ಬಂದ ಮೆಡೋಸ್ ಟೇಲರ್, ರಾಜಾ ವೆಂಕಟಪ್ಪ ನಾಯಕರು ಇನ್ನೂ ಬಾಲಕರಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡು, 1853ರಲ್ಲಿ ಅದನ್ನು ಪ್ರಾಯಕ್ಕೆ ಬಂದ ರಾಜರಿಗೆ ಒಪ್ಪಿಸಿದ. ಬ್ರಿಟಿಷರ ರಾಜಕೀಯದ ಲೆಕ್ಕ ಏನೇ ಇರಲಿ, ಬಾಲಕನ ಪರವಾಗಿ ಆಳುವವನಿಗೆ ಒಂದು ನಿಯಮವಿದೆ: ಅಧಿಕಾರ ಅವನ ಕೈಯಲ್ಲಿದ್ದರೂ ಅದು ಅವನದಲ್ಲ. ಮರೆವು ಹತ್ತಿದ ಅಪ್ಪನ ಚಾವಿ ಹಿಡಿದ ಮಗನಿಗೂ ಇದೇ ನಿಯಮ. ವ್ಯತ್ಯಾಸವೆಂದರೆ ಬಾಲಕ ಬೆಳೆದು ತನ್ನದನ್ನು ಕೇಳಿ ಪಡೆಯುತ್ತಾನೆ. ಅಪ್ಪ ಕೇಳಲಾರದ ದಿನ ಬರುತ್ತದೆ. ಆದ್ದರಿಂದ ಮಗನ ಹೊಣೆ ಇನ್ನೂ ಹೆಚ್ಚಿನದು. ಚಾವಿಯ ಹಿಂದೆಯೇ ಬ್ಯಾಂಕಿನ ಪಾಸ್‌ಬುಕ್ಕು, ಹೊಲದ ಕಾಗದಪತ್ರ, ಕೊನೆಗೆ ಮನೆಯ ಮಾತಿನಲ್ಲಿ ಅವರಿಗಿದ್ದ ಪಾಲು ಎಲ್ಲವನ್ನೂ ಒಂದೇ ಸಲಕ್ಕೆ ಎಳೆದುಕೊಳ್ಳುವವರಿದ್ದಾರೆ. ಗಾಡಿ ಓಡಿಸಲಾರದವರು ಹೊಲದಲ್ಲಿ ಏನು ಬಿತ್ತಬೇಕೆಂದು ಹೇಳಬಲ್ಲರು. ಆಗದ ಒಂದನ್ನು ಮಾತ್ರ ತೆಗೆದುಕೊಂಡು, ಆಗುವ ಹತ್ತನ್ನು ಅವರಿಗೇ ಬಿಡಬೇಕು.

ಹಿರಿಯ ಓದುಗರಿಗೂ ಒಂದು ಮಾತು. 2013ರ ಫೆಬ್ರವರಿ 11ರಂದು ಪೋಪ್ ಹದಿನಾರನೆಯ ಬೆನೆಡಿಕ್ಟ್‌ರವರು, ತಮ್ಮ ದೇಹ ಮನಸ್ಸುಗಳ ಬಲ ಈ ಹೊಣೆಗೆ ಸಾಲದಷ್ಟು ಕುಗ್ಗಿದೆಯೆಂದು ಒಪ್ಪಿಕೊಂಡು ಪೇತ್ರನ ಪೀಠದಿಂದ ಇಳಿಯುವುದಾಗಿ ಪ್ರಕಟಿಸಿದರು. ಆಗ ಅವರಿಗೆ 85 ವರ್ಷ. ಯಾರೂ ಅವರಿಂದ ಕಸಿಯಲಿಲ್ಲ. ತಿಳಿವು ಇನ್ನೂ ಸ್ಪಷ್ಟವಾಗಿದ್ದಾಗಲೇ ಅವರು ತಾವಾಗಿ ಒಪ್ಪಿಸಿದರು. ಧರ್ಮಾಧ್ಯಕ್ಷರೂ ಧರ್ಮಕೇಂದ್ರದ ಗುರುಗಳೂ 75 ತುಂಬಿದಾಗ ರಾಜೀನಾಮೆ ಸಲ್ಲಿಸಬೇಕೆಂದು ಧರ್ಮಸಭೆಯ ಕಾನೂನು ಕೇಳುತ್ತದೆ. ಅದರಿಂದ ಅವರ ಮಾನ ಕಡಿಮೆಯಾಗುವುದಿಲ್ಲ. ನಾವೂ ನೆನಪು ಗಟ್ಟಿಯಾಗಿರುವಾಗಲೇ ಮಕ್ಕಳನ್ನು ಕೂರಿಸಿಕೊಂಡು, ‘ಮುಂದೆ ನನ್ನ ಗಾಡಿ ಹೊಡೆಯುವ ರೀತಿ ನಿಮಗೆ ಸರಿ ಕಾಣದಿದ್ದರೆ ಹೇಳಿ. ಆಗ ನಾನು ಬೈದರೂ ಇಂದಿನ ಈ ಮಾತನ್ನೇ ನೆನಪಿಡಿ’ ಎಂದು ಹೇಳಿಟ್ಟರೆ, ಅವರ ಮೇಲಿನ ದೊಡ್ಡ ಹೊರೆಯೊಂದನ್ನು ಇಳಿಸಿದಂತೆ.

ಕೊನೆಯದು, ಬಹಳ ಮನೆಗಳಲ್ಲಿ ಮರೆತುಹೋಗುವುದು: ಚಾವಿ ತೆಗೆದುಕೊಂಡ ಮೇಲೆ ಏನು ಕೊಡುತ್ತೇವೆ? ಜಪಾನ್ ದೇಶದಲ್ಲಿ 75 ದಾಟಿದವರು ಲೈಸೆನ್ಸ್ ಹೊಸದು ಮಾಡಿಸುವಾಗ ನೆನಪಿನ, ತಿಳಿವಿನ ಪರೀಕ್ಷೆಗೆ ಒಳಗಾಗಬೇಕು. ತಾವಾಗಿ ಲೈಸೆನ್ಸ್ ಮರಳಿಸುವವರಿಗೆ, ಇಷ್ಟು ವರ್ಷ ಗಾಡಿ ಓಡಿಸಿದವರೆಂಬ ಪ್ರಮಾಣಪತ್ರವೊಂದನ್ನು ಕೊಡುತ್ತಾರೆ. ಅದನ್ನು ತೋರಿಸಿದರೆ ಎಷ್ಟೋ ಊರುಗಳಲ್ಲಿ ಬಸ್ಸಿಗೂ ಟ್ಯಾಕ್ಸಿಗೂ ರಿಯಾಯಿತಿಯಿದೆ. 2019ರ ಏಪ್ರಿಲ್‌ನಲ್ಲಿ ಟೋಕಿಯೋ ನಗರದಲ್ಲಿ 87 ವರ್ಷದವರೊಬ್ಬರು ಬ್ರೇಕೆಂದು ತಿಳಿದು ಆಕ್ಸಿಲರೇಟರ್ ಒತ್ತಿ, ಒಬ್ಬ ತಾಯಿಯೂ ಅವಳ ಮೂರು ವರ್ಷದ ಮಗಳೂ ಸತ್ತರು. ಆ ವರ್ಷ ಸುಮಾರು 6 ಲಕ್ಷ ಜನ ತಾವಾಗಿ ಲೈಸೆನ್ಸ್ ಮರಳಿಸಿದರು. ಬಿಟ್ಟುಕೊಟ್ಟದ್ದಕ್ಕೆ ಅಲ್ಲಿ ಮರ್ಯಾದೆಯಿದೆ, ಓಡಾಟಕ್ಕೆ ಬೇರೆ ದಾರಿಯೂ ಇದೆ. ನಮ್ಮಲ್ಲಿ ಆ ದಾರಿಯನ್ನು ಮನೆ ಮತ್ತು ಧರ್ಮಕೇಂದ್ರವೇ ಮಾಡಬೇಕು.

ಈ ಭಾಗದಲ್ಲಿ ದೇವಾಲಯಗಳ ನಡುವೆ ದೂರ ಹೆಚ್ಚು. ಗಾಡಿ ಬಿಟ್ಟವರು ಹಲವು ಸಲ ಬಲಿಪೂಜೆಯನ್ನೇ ಬಿಟ್ಟಂತಾಗುತ್ತದೆ. ಭಾನುವಾರ ಹಿಂದಿನ ಸೀಟು ಖಾಲಿ ಇಟ್ಟುಕೊಂಡು ಬರುವ ಯುವಕರು ನಮ್ಮಲ್ಲಿ ಕಡಿಮೆಯಿಲ್ಲ. ಯಾರು ಯಾರನ್ನು ಕರೆತರಬೇಕೆಂದು ಧರ್ಮಕೇಂದ್ರದಲ್ಲಿ ಒಂದು ಪಟ್ಟಿ ಬರೆಯಲು ಅರ್ಧ ಗಂಟೆ ಸಾಕು. 60 ದಾಟಿದವರಿಗೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ನೂರಕ್ಕೆ 25ರ ರಿಯಾಯಿತಿಯಿದೆ. ಆದರೆ ಮರೆವಿರುವವರನ್ನು ಒಬ್ಬರೇ ಬಸ್ಸು ಹತ್ತಿಸಬಾರದು, ಜೊತೆಗೊಬ್ಬರು ಬೇಕು. ಆಟೊ ಹೊಡೆದು ಮನೆ ನಡೆಸುವ ಹಿರಿಯರಾದರೆ ಚಾವಿಯ ಜೊತೆ ಅನ್ನವೂ ಹೋಗುತ್ತದೆ. ಅಂಥ ಮನೆಯ ಕಷ್ಟದಲ್ಲಿ ಪಾಲುಗೊಳ್ಳದೆ ‘ಇನ್ನು ಹೊಡೆಯಬೇಡಿ’ ಎಂದಷ್ಟೇ ಹೇಳಿ ಬರುವುದು ಸಲ್ಲದು. ತಾಯಂದಿರ ವಿಷಯದಲ್ಲಿ ಗಾಡಿಯ ಚಾವಿಯ ಜಾಗದಲ್ಲಿ ಒಲೆಯಿರುತ್ತದೆ. ಗ್ಯಾಸ್ ಹಚ್ಚಿ ಮರೆಯುವ ಅಮ್ಮನನ್ನು ಅಡುಗೆಮನೆಯಿಂದ ಹೊರಗಟ್ಟುವ ಬದಲು, ಮಗ್ಗುಲಲ್ಲಿ ಕೂರಿಸಿಕೊಂಡು ಕಾಳು ಹಸನು ಮಾಡಲು ಕೊಟ್ಟರೆ, ಅವಳು ಆ ಮನೆಯ ಯಜಮಾನಿಯಾಗಿಯೇ ಉಳಿಯುತ್ತಾಳೆ.

ಪುನರುತ್ಥಾನರಾದ ಪ್ರಭುಯೇಸು ಸರೋವರದ ದಡದಲ್ಲಿ ಪೇತ್ರನಿಗೆ ಹೇಳಿದ್ದನ್ನು ಸಂತ ಯೊವಾನ್ನರು ಬರೆದಿಟ್ಟಿದ್ದಾರೆ: ಯೌವನದಲ್ಲಿ ತನಗಿಷ್ಟವಾದಲ್ಲಿಗೆ ನಡೆದ ಪೇತ್ರನನ್ನು ಮುಪ್ಪಿನಲ್ಲಿ ಬೇರೊಬ್ಬರು ಕರೆದೊಯ್ಯುವರೆಂದು. ಅದು ಪೇತ್ರನ ಮರಣದ ಮುನ್ಸೂಚನೆಯಾಗಿತ್ತು. ಆದರೆ ಬದುಕಿದರೆ ನಮಗೂ ಆ ದಿನ ತಪ್ಪಿದ್ದಲ್ಲ. ಅಂದು ನಮ್ಮನ್ನು ಕರೆದೊಯ್ಯುವವರು ಹೇಗಿರಬೇಕೆಂದು ಬಯಸುತ್ತೇವೋ ಹಾಗೆಯೇ ಇಂದು ನಾವು ನಮ್ಮ ಹಿರಿಯರನ್ನು ಕರೆದೊಯ್ಯೋಣ. ಚಾವಿಯನ್ನು ತೆಗೆದುಕೊಂಡ ದಿನವೇ ಅವರನ್ನು ಹಿಂದೆ ಕೂರಿಸಿಕೊಂಡು ಹೊಲಕ್ಕೊಮ್ಮೆ ಹೋಗಿಬರೋಣ. ಮುಂದಿನ ವಾರವೂ, ಅದರ ಮುಂದಿನ ವಾರವೂ.